ಎಫ್‌ಪಿಎಸ್ 80 ತೋರಿಸ್ತಿದ್ರೂ ಗೇಮ್ ತಡವರಿಸ್ತಿದ್ದ ಲ್ಯಾಪ್‌ಟಾಪ್: ಬಿಚ್ಚಿ, ಅಳೆದು, ಸರಿ ಮಾಡಿದ ಕಥೆ

ಲ್ಯಾಪ್‌ಟಾಪ್ ನಮ್ಮ ಚಿಕ್ಕಮ್ಮನ ಮಗಂದು, ತುಮಕೂರಲ್ಲಿ ಇಂಜಿನಿಯರಿಂಗ್ ಓದ್ತಿದಾನೆ. ಐ5-9300ಎಚ್ ಪ್ರೊಸೆಸರ್, ಜಿಟಿಎಕ್ಸ್ 1650 ಗ್ರಾಫಿಕ್ಸ್ 4 ಜಿಬಿದು, 8 ಜಿಬಿ ರ್‍ಯಾಮ್ ಒಂದೇ ಸ್ಟಿಕ್, 256 ಜಿಬಿ ಎಸ್‌ಎಸ್‌ಡಿ ಜೊತೆಗೆ 1 ಟಿಬಿ ಹಾರ್ಡ್ ಡಿಸ್ಕ್, 60 ಹರ್ಟ್ಸ್ ಸ್ಕ್ರೀನ್. ಅವನ ಕಂಪ್ಲೇಂಟ್ ಇಷ್ಟೇ: "ಅಣ್ಣ, ಜಿಟಿಎ 5 ಆಡ್ತಾ ಮೂಲೇಲಿ ಎಫ್‌ಪಿಎಸ್ 80 ಅಂತಾನೇ ತೋರ್ಸತ್ತೆ, ಆದ್ರೆ ಕಾರ್ ಸ್ಪೀಡಾಗಿ ಓಡಿಸ್ವಾಗ ಸಿಕ್ಕಾಕ್ಕೊಂಡು ಸಿಕ್ಕಾಕ್ಕೊಂಡು ಹೋಗತ್ತೆ." ಅಂಗಡೀಲಿ ತೋರಿಸಿದಾನೆ, ಗ್ರಾಫಿಕ್ಸ್ ಕಾರ್ಡ್ ವೀಕ್ ಆಗಿದೆ ಮಾರಿಬಿಡಿ ಅಂದಿದಾರೆ. ಮಾರೋ ಅಂಥದ್ದೇನೂ ಆಗಿರ್ಲಿಲ್ಲ, ಅದನ್ನ ಹೇಗೆ ಕಂಡುಹಿಡಿದ್ವಿ ಅಂತ ಪೂರ್ತಿ ಬರೀತೀನಿ, ಯಾಕಂದ್ರೆ ಇದೇ ತೊಂದರೆ ಇರೋ ಲ್ಯಾಪ್‌ಟಾಪ್‌ಗಳು ತುಂಬಾ ಇವೆ, ಎಷ್ಟೋ ಜನ ಸುಮ್ನೆ ಹೊಸದು ತಗೊಳಕ್ಕೆ ದುಡ್ಡು ಹಾಕ್ತಾರೆ.

ಸ್ಕ್ರೂಡ್ರೈವರ್ ಮುಟ್ಟೋಕ್ಕೂ ಮುಂಚೆ ಆ 80 ಅನ್ನೋ ನಂಬರ್ ಏನು ಹೇಳತ್ತೆ, ಏನು ಹೇಳಲ್ಲ ಅನ್ನೋದು ಗೊತ್ತಿರ್ಬೇಕು. ಎಫ್‌ಪಿಎಸ್ ಅಂದ್ರೆ ಒಂದು ಸೆಕೆಂಡಲ್ಲಿ ಎಷ್ಟು ಫ್ರೇಮ್ ರೆಡಿ ಆಯ್ತು ಅನ್ನೋ ಲೆಕ್ಕ, ಅಷ್ಟೇ. ಆ ಫ್ರೇಮ್‌ಗಳು ಸಮವಾಗಿ ಬಂದ್ವಾ ಇಲ್ಲ ಗುಂಪಾಗಿ ಬಂದು ಆಮೇಲೆ ನಿಂತ್ವಾ ಅನ್ನೋದು ಅದರಲ್ಲಿ ಕಾಣಲ್ಲ. ಒಂದು ಲೆಕ್ಕ ನೋಡಿ: 50 ಫ್ರೇಮ್ ಒಂದೊಂದು 10 ಮಿಲಿಸೆಕೆಂಡಲ್ಲಿ ಬಂತು, ಅಲ್ಲಿಗೆ 500 ಆಯ್ತು, ಆಮೇಲೆ ಒಂದೇ ಒಂದು ಫ್ರೇಮ್ ಬರೋಕೆ ಉಳಿದ 500 ಮಿಲಿಸೆಕೆಂಡ್ ಪೂರ್ತಿ ತಗೊಳ್ತು. ಒಟ್ಟು ಒಂದು ಸೆಕೆಂಡ್, 51 ಫ್ರೇಮ್. ಕೌಂಟರ್ 51 ಎಫ್‌ಪಿಎಸ್ ಅಂತ ತೋರ್ಸತ್ತೆ, ಆಡೋನಿಗೆ ಅರ್ಧ ಸೆಕೆಂಡ್ ಸ್ಕ್ರೀನ್ ಕಲ್ಲಾಗಿ ನಿಂತಿರತ್ತೆ. ಅದಕ್ಕೇ ನೋಡ್ಬೇಕಾಗಿರೋದು ಫ್ರೇಮ್ ಟೈಮ್, ಅಂದ್ರೆ ಒಂದು ಫ್ರೇಮ್‌ಗೂ ಮುಂದಿನ ಫ್ರೇಮ್‌ಗೂ ಮಧ್ಯೆ ಎಷ್ಟು ಮಿಲಿಸೆಕೆಂಡ್ ಆಯ್ತು ಅನ್ನೋದು. 2011ರಲ್ಲಿ ಟೆಕ್ ರಿಪೋರ್ಟ್ ಅನ್ನೋ ಹಾರ್ಡ್‌ವೇರ್ ರಿವ್ಯೂ ವೆಬ್‌ಸೈಟಿನ ಸ್ಕಾಟ್ ವಾಸನ್ ಗ್ರಾಫಿಕ್ಸ್ ಕಾರ್ಡ್‌ಗಳನ್ನ ಹೀಗೆ ಸೆಕೆಂಡಿನ ಒಳಗೇ ಹೊಕ್ಕು ಅಳೆದು ತೋರಿಸಿದ್ರು, ಅಲ್ಲಿಂದಾಚೆಗೆ ರಿವ್ಯೂ ಮಾಡೋರು ಬರೀ ಸರಾಸರಿ ಕೊಡೋದು ನಿಧಾನಕ್ಕೆ ಕಮ್ಮಿ ಆಯ್ತು. ನನ್ನ ಪ್ರಕಾರ ಗೇಮಿಂಗ್ ಹಾರ್ಡ್‌ವೇರ್ ಅಳೆಯೋದ್ರಲ್ಲಿ ಆಗಿರೋ ದೊಡ್ಡ ಬದಲಾವಣೆ ಅದೇ.

ಮಿಲಿಸೆಕೆಂಡಲ್ಲಿ ಯೋಚನೆ ಮಾಡೋಕೆ ಶುರು ಮಾಡಿದ್ರೆ ಇನ್ನೊಂದು ವಿಷಯನೂ ಸ್ಪಷ್ಟ ಆಗತ್ತೆ. 30 ಎಫ್‌ಪಿಎಸ್ ಅಂದ್ರೆ ಫ್ರೇಮ್‌ಗೆ 33.3, 60ಕ್ಕೆ 16.7, 120ಕ್ಕೆ 8.3, 240ಕ್ಕೆ 4.2. ಅಂದ್ರೆ 30ರಿಂದ 60ಕ್ಕೆ ಹೋದ್ರೆ ಫ್ರೇಮ್‌ಗೆ ಹೆಚ್ಚುಕಮ್ಮಿ 17 ಮಿಲಿಸೆಕೆಂಡ್ ಉಳಿಯತ್ತೆ, 120ರಿಂದ 240ಕ್ಕೆ ಹೋದ್ರೆ ಉಳಿಯೋದು ಬರೀ 4. ನಂಬರ್ ಡಬಲ್ ಆದಷ್ಟೂ ಕೈಗೆ ಗೊತ್ತಾಗೋ ಲಾಭ ಅರ್ಧರ್ಧ ಆಗ್ತಾ ಹೋಗತ್ತೆ. ನಮ್ಮ ಹುಡುಗನ ಫ್ರೆಂಡ್ಸ್ ಕಣ್ಣಿಗೆ 24 ಸಾಕು, ಸಿನಿಮಾ ನೋಡಲ್ವಾ ಅಂತ ವಾದ ಮಾಡ್ತಾರಂತೆ. ಸಿನಿಮಾ ಕ್ಯಾಮೆರಾ ಶಟರ್ ತೆರೆದಿರೋ ಹೊತ್ತಲ್ಲಿ ಆದ ಚಲನೆ ಎಲ್ಲಾ ಆ ಒಂದು ಫ್ರೇಮಲ್ಲೇ ಮಸುಕಾಗಿ ಸೇರ್ಕೊಂಡಿರತ್ತೆ, ಅದಕ್ಕೆ 24 ನಡಿಯತ್ತೆ, ಮೇಲಾಗಿ ಸಿನಿಮಾ ನೋಡೋನು ಮೌಸ್ ಹಿಡ್ಕೊಂಡಿರಲ್ಲ. ಗೇಮಲ್ಲಿ ಪ್ರತಿ ಫ್ರೇಮೂ ಒಂದು ಕ್ಷಣದ ಚೂಪಾದ ಚಿತ್ರ, ಜೊತೆಗೆ ನಾವು ಒತ್ತಿದ್ದಕ್ಕೆ ಉತ್ತರ ಬರೋದೂ ಫ್ರೇಮ್ ಬಂದಾಗ್ಲೇ. ಎರಡನ್ನೂ ಒಂದೇ ತಕ್ಕಡೀಲಿ ತೂಗಕ್ಕಾಗಲ್ಲ.

ಸರಿ, ಅಳತೆಗೆ ಬರ್ತೀನಿ. ಆನ್‌ಲೈನ್ ಮೋಡ್ ಮುಟ್ಲೇ ಇಲ್ಲ, ಸ್ಟೋರಿ ಮೋಡಲ್ಲೇ ಮಾಡಿದ್ದು, ಯಾಕಂದ್ರೆ ನೆಟ್ ಪಿಂಗ್ (ಗೇಮ್ ಸರ್ವರಿಗೆ ಹೋಗಿ ಬರೋ ಟೈಮ್) ಜಾಸ್ತಿ ಆದ್ರೂ ಲ್ಯಾಗ್ ಅಂತಾರೆ, ಫ್ರೇಮ್ ಲೇಟಾದ್ರೂ ಲ್ಯಾಗ್ ಅಂತಾರೆ, ಮೊದ್ಲು ಅವೆರಡನ್ನ ಬೇರೆ ಮಾಡ್ಬೇಕು. ಪಿಂಗ್ ತೊಂದರೆ ಆದ್ರೆ ಬೇರೆ ಪ್ಲೇಯರ್‌ಗಳು ಅಲ್ಲಿಂದಿಲ್ಲಿಗೆ ಹಾರ್ತಾರೆ, ನಿಮ್ಮ ಕ್ಯಾಮೆರಾ ಮಾತ್ರ ನಯವಾಗೇ ತಿರುಗತ್ತೆ. ಫ್ರೇಮ್ ತೊಂದರೆ ಆದ್ರೆ ನೀವು ತಿರುಗಿದ್ರೂ ಕಟ್ ಆಗತ್ತೆ. ಸ್ಟೋರಿ ಮೋಡಲ್ಲೂ ತಡವರಿಸ್ತಿತ್ತು, ಹಾಗಾಗಿ ನೆಟ್ ಅಲ್ಲ ಅನ್ನೋದು ಅಲ್ಲೇ ತೀರ್ಮಾನ ಆಯ್ತು.

ರೆಕಾರ್ಡ್ ಮಾಡೋಕೆ ಕ್ಯಾಪ್‌ಫ್ರೇಮ್‌ಎಕ್ಸ್ ಹಾಕ್ದೆ, ಅದು ಒಳಗೆ ಇಂಟೆಲ್‌ನ ಪ್ರೆಸೆಂಟ್‌ಮಾನ್ ಬಳಸ್ಕೊಂಡು ಪ್ರತಿ ಫ್ರೇಮ್‌ನ ಟೈಮ್ ಬರ್ಕೊಳ್ಳತ್ತೆ, ಎರಡೂ ಫ್ರೀ. ಜೊತೆಗೆ ಎಚ್‌ಡಬ್ಲ್ಯೂಇನ್ಫೋ ಲಾಗಿಂಗ್ ಆನ್ ಮಾಡಿ ಟೆಂಪರೇಚರ್, ಕ್ಲಾಕ್ ಸ್ಪೀಡ್ (ಪ್ರೊಸೆಸರ್ ಓಡೋ ವೇಗ), ರ್‍ಯಾಮ್ ಬಳಕೆ ಎಲ್ಲಾ ಸಿಎಸ್‌ವಿ ಫೈಲ್‌ಗೆ ಹೋಗೋ ಹಾಗೆ ಇಟ್ಟೆ. ಚಾರ್ಜರ್ ಹಾಕೇ ಇರ್ಬೇಕು, ಸೆಟ್ಟಿಂಗ್ಸ್ ಅದೇ, ಏರ್‌ಪೋರ್ಟಿಂದ ಸಿಟಿ ಮಧ್ಯಕ್ಕೆ ಹೋಗೋ ರೋಡೂ ಅದೇ, ಪ್ರತಿ ಸಲ. ಮುಖ್ಯವಾದ ವಿಷಯ, ಆಟ ಶುರು ಮಾಡಿದ ತಕ್ಷಣ ಅಳೀಬಾರ್ದು. ತಣ್ಣಗಿರೋ ಲ್ಯಾಪ್‌ಟಾಪ್ ಮೊದಲ ಐದು ಹತ್ತು ನಿಮಿಷ ಚೆನ್ನಾಗೇ ಓಡತ್ತೆ, ಅಂಗಡೀಲಿ ಎರಡು ನಿಮಿಷ ಬೆಂಚ್‌ಮಾರ್ಕ್ ಓಡಿಸಿ ಎಲ್ಲಾ ಸರಿ ಇದೆ ಅನ್ನೋದು ಇದಕ್ಕೇ. ಕಾಲು ಗಂಟೆ ಆಡ್ಸಿ ಬಿಸಿ ಮಾಡಿ ಆಮೇಲೆ ರೆಕಾರ್ಡ್ ಒತ್ತಿದ್ದು.

ಬಂದ ನಂಬರ್: ಸರಾಸರಿ 78, 1 ಪರ್ಸೆಂಟ್ ಲೋ 29. ಈ 1 ಪರ್ಸೆಂಟ್ ಲೋ ಅಂದ್ರೆ ಅತಿ ನಿಧಾನದ ನೂರಕ್ಕೊಂದು ಭಾಗ ಫ್ರೇಮ್‌ಗಳು ಯಾವ ಸ್ಪೀಡಲ್ಲಿ ಬಂದ್ವು ಅಂತ, ಒಂದೊಂದು ಸಾಫ್ಟ್‌ವೇರ್ ಒಂದೊಂದು ಥರ ಲೆಕ್ಕ ಹಾಕತ್ತೆ, ಅದಕ್ಕೆ ಮೊದಲಿಂದ ಕೊನೇವರ್ಗೂ ಒಂದೇ ಸಾಫ್ಟ್‌ವೇರ್ ಬಳಸಿ. 78ಕ್ಕೂ 29ಕ್ಕೂ ಇಷ್ಟು ದೂರ ಇದ್ರೆ ಅಲ್ಲೇ ರೋಗ ಇದೆ. ಗ್ರಾಫ್ ತೆಗೆದು ನೋಡಿದ್ರೆ ಒಂದಲ್ಲ, ಎರಡು ಬೇರೆ ಬೇರೆ ಥರದ ತೊಂದರೆ ಕಾಣ್ತು. ಒಂದು, ಅಲೆ ಥರ ಮೇಲೆ ಕೆಳಗೆ ಆಗೋದು, ಕೆಲವು ಸೆಕೆಂಡ್ 11 ಮಿಲಿಸೆಕೆಂಡ್ ಇದ್ದು ಆಮೇಲೆ 20ರ ಮೇಲೆ ಹೋಗಿ ಮತ್ತೆ ಇಳಿಯೋದು. ಇನ್ನೊಂದು, ಒಂಟಿ ಮುಳ್ಳುಗಳು, 60ರಿಂದ 90 ಮಿಲಿಸೆಕೆಂಡ್‌ವರ್ಗೂ, ಕಾರ್ ಸ್ಪೀಡಾಗಿ ಹೊಸ ಏರಿಯಾಗೆ ನುಗ್ಗಿದಾಗ ಮಾತ್ರ.

ಅಲೆ ಯಾಕೆ ಅನ್ನೋದು ಎಚ್‌ಡಬ್ಲ್ಯೂಇನ್ಫೋ ಫೈಲ್ ಪಕ್ಕದಲ್ಲಿಟ್ಟ ತಕ್ಷಣ ಗೊತ್ತಾಯ್ತು. ಪ್ರೊಸೆಸರ್ 97, 98 ಡಿಗ್ರಿ ಮುಟ್ಟತ್ತೆ, ಥರ್ಮಲ್ ಥ್ರಾಟ್ಲಿಂಗ್ ಕಾಲಮಲ್ಲಿ ಯೆಸ್ ಅಂತ ಬರತ್ತೆ, ಕ್ಲಾಕ್ ದಬಕ್ಕಂತ ಇಳಿಯತ್ತೆ, ತಣ್ಣಗಾಗತ್ತೆ, ಮತ್ತೆ ಏರತ್ತೆ. ಈ ಚಿಪ್‌ಗೆ ಇಂಟೆಲ್ ಕೊಟ್ಟಿರೋ ಮಿತಿ 100 ಡಿಗ್ರಿ, ಅದರ ಹತ್ರ ಬಂದಾಗ ತನ್ನನ್ನ ಉಳಿಸ್ಕೊಳ್ಳೋಕೆ ತಾನೇ ನಿಧಾನ ಆಗತ್ತೆ. ಅದೇ ಹೊತ್ತಲ್ಲಿ ಗ್ರಾಫಿಕ್ಸ್ ಬಳಕೆ 60 ಪರ್ಸೆಂಟ್ ಆಸುಪಾಸು, ಅಂದ್ರೆ ಗ್ರಾಫಿಕ್ಸ್ ಕಾರ್ಡ್ ಕೆಲಸಕ್ಕೆ ಕಾಯ್ತಾ ಕೂತಿದೆ. ಖಾತ್ರಿ ಮಾಡ್ಕೊಳ್ಳೋಕೆ ರೆಸಲ್ಯೂಶನ್ 1080ರಿಂದ 720ಕ್ಕೆ ಇಳಿಸ್ದೆ, ಎಫ್‌ಪಿಎಸ್ ಹೆಚ್ಚುಕಮ್ಮಿ ಅಲ್ಲೇ ನಿಂತ್ಕೊಳ್ತು. ಪಿಕ್ಸೆಲ್ ಕಮ್ಮಿ ಮಾಡಿದ್ರೂ ಸ್ಪೀಡ್ ಜಾಸ್ತಿ ಆಗ್ಲಿಲ್ಲ ಅಂದ್ರೆ ಅಡ್ಡ ನಿಂತಿರೋದು ಗ್ರಾಫಿಕ್ಸ್ ಅಲ್ಲ. ಗ್ರಾಫಿಕ್ಸ್ ವೀಕ್ ಅಂತ ಮಾರಿಬಿಟ್ಟಿದ್ರೆ ಎಷ್ಟು ಅನ್ಯಾಯ ಆಗ್ತಿತ್ತು ನೋಡಿ.

ಬಿಚ್ಚೋ ಕೆಲಸ. ಹಿಂದಿನ ಕವರ್ ಸ್ಕ್ರೂಗಳು ಎಲ್ಲಾ ಒಂದೇ ಉದ್ದ ಇರಲ್ಲ, ಒಂದು ಪೇಪರ್ ಮೇಲೆ ಲ್ಯಾಪ್‌ಟಾಪ್ ಆಕಾರ ಬರೆದು ತೆಗೆದ ಸ್ಕ್ರೂನ ಅದೇ ಜಾಗದಲ್ಲಿ ಚುಚ್ಚಿಡಿ, ಉದ್ದದ್ದನ್ನ ಗಿಡ್ಡದ್ದರ ಜಾಗಕ್ಕೆ ಹಾಕಿದ್ರೆ ಕೀಬೋರ್ಡ್ ಕಡೆ ತೂತಾಗೋ ಚಾನ್ಸ್ ಇದೆ. ಕವರ್ ಎಬ್ಬಿಸೋಕೆ ಹಳೇ ಎಟಿಎಂ ಕಾರ್ಡ್ ಸಾಕು. ಒಳಗೆ ಹೋದ್ಮೇಲೆ ಬೇರೆ ಏನೂ ಮುಟ್ಟೋಕ್ಕೆ ಮುಂಚೆ ಬ್ಯಾಟರಿ ಕನೆಕ್ಟರ್ ತೆಗೀರಿ, ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡೀರಿ, ಉಳಿದಿರೋ ಚಾರ್ಜ್ ಹೋಗ್ಲಿ.

ಫ್ಯಾನ್ ರೆಕ್ಕೆ ನೋಡಿದ್ರೆ ಅಷ್ಟೇನೂ ಧೂಳಿರ್ಲಿಲ್ಲ, ಅಲ್ಲಿಗೇ ನಿಲ್ಲಿಸ್ಬೇಡಿ. ಫ್ಯಾನ್‌ಗೂ ಬಿಸಿನ ಆಚೆ ಹಾಕೋ ತಾಮ್ರದ ಹೀಟ್‌ಸಿಂಕ್ ಫಿನ್‌ಗಳಿಗೂ ಮಧ್ಯೆ ಒಂದು ಸಂದಿ ಇದೆ, ಫ್ಯಾನ್ ಕಳಚಿದ್ರೆ ಮಾತ್ರ ಕಾಣತ್ತೆ, ಅಲ್ಲಿ ಧೂಳು ಸೇರಿ ಸೇರಿ ಕಂಬಳಿ ತುಂಡಿನ ಹಾಗೆ ಗಟ್ಟಿಯಾಗಿ ಕೂತಿತ್ತು, ಟ್ವೀಝರಲ್ಲಿ ಹಿಡಿದು ಎಳೆದ್ರೆ ಇಡೀ ಹಾಳೆನೇ ಎದ್ದು ಬಂತು. ಗಾಳಿ ಆಚೆ ಹೋಗೋ ದಾರೀಲೇ ಅದು ಅಡ್ಡ ಕೂತಿದ್ರೆ ಫ್ಯಾನ್ ಎಷ್ಟು ಜೋರಾಗಿ ತಿರುಗಿದ್ರೂ ಪ್ರಯೋಜನ ಇಲ್ಲ. ಹೊರಗಿನಿಂದ ಬ್ಲೋವರ್ ಹೊಡೆಯೋದ್ರಿಂದ ಇದು ಹೋಗಲ್ಲ, ಇನ್ನೂ ಒಳಕ್ಕೆ ಒತ್ತತ್ತೆ. ಬ್ಲೋವರ್ ಹಿಡಿಯೋದಾದ್ರೂ ಫ್ಯಾನ್ ರೆಕ್ಕೆನ ಬೆರಳಲ್ಲಿ ಹಿಡ್ಕೊಳ್ಳಿ, ಗಾಳಿಗೆ ಅದು ಮಿತಿ ಮೀರಿ ತಿರುಗಿದ್ರೆ ಬೇರಿಂಗ್ ಹಾಳಾಗತ್ತೆ.

ಹೀಟ್‌ಸಿಂಕ್ ಸ್ಕ್ರೂಗಳ ಪಕ್ಕ ನಂಬರ್ ಅಚ್ಚು ಹಾಕಿರ್ತಾರೆ, ಬಿಗಿ ಮಾಡೋವಾಗ 1ರಿಂದ, ಬಿಚ್ಚೋವಾಗ ಉಲ್ಟಾ, ಒಂದೇ ಸಲ ಪೂರ್ತಿ ಬಿಚ್ಚದೆ ಸ್ವಲ್ಪ ಸ್ವಲ್ಪ. ಚಿಪ್ಪಿನ ಬಿಸಿನ ಹೀಟ್‌ಸಿಂಕ್‌ಗೆ ದಾಟಿಸೋ ಹಳೇ ಥರ್ಮಲ್ ಪೇಸ್ಟ್ ಒಣಗಿ ಸುಣ್ಣದ ಪುಡಿ ಆಗಿತ್ತು, ಚಿಪ್ ಮಧ್ಯಭಾಗದಲ್ಲಂತೂ ಇರ್ಲೇ ಇಲ್ಲ, ಅಂಚಿಗೆ ಸರಿದು ಹೋಗಿತ್ತು. ಐಸೊಪ್ರೊಪೈಲ್ ಆಲ್ಕೋಹಾಲ್ 99 ಪರ್ಸೆಂಟಿಂದು ಹಾಕಿ ನೂಲು ಬಿಡದ ಬಟ್ಟೇಲಿ ಒರೆಸಿದ್ದು. ಲ್ಯಾಪ್‌ಟಾಪ್ ಚಿಪ್ ಮೇಲೆ ಡೆಸ್ಕ್‌ಟಾಪ್ ಪ್ರೊಸೆಸರ್‌ಗೆ ಇರೋ ಹಾಗೆ ಲೋಹದ ಮುಚ್ಚಳ ಇರಲ್ಲ, ಸಿಲಿಕಾನ್ ನೇರವಾಗಿ ಹೊರಗಿರತ್ತೆ, ಹಾಗಾಗಿ ಮಧ್ಯೆ ಒಂದು ಕಾಳಷ್ಟು ಇಟ್ಟು ಒತ್ತಿದ್ರೆ ಮೂಲೆಗೆ ತಲುಪದೇ ಇರಬಹುದು, ನಾನು ಯಾವಾಗ್ಲೂ ತೆಳ್ಳಗೆ ಇಡೀ ಮೇಲ್ಮೈಗೆ ಸವರ್ತೀನಿ. ಮೆಮೊರಿ ಚಿಪ್‌ಗಳ ಮೇಲಿರೋ ಥರ್ಮಲ್ ಪ್ಯಾಡ್ ಹರಿಯದ ಹಾಗೆ ನೋಡ್ಕೊಳ್ಳಿ, ಹರಿದ್ರೆ ಅದೇ ದಪ್ಪದ್ದೇ ಬೇಕು, ದಪ್ಪ ಜಾಸ್ತಿ ಆದ್ರೆ ಹೀಟ್‌ಸಿಂಕ್ ಎದ್ದು ಪ್ರೊಸೆಸರ್‌ಗೆ ತಾಗಲ್ಲ. ಪೇಸ್ಟ್ ಆರ್ಕ್ಟಿಕ್ ಎಂಎಕ್ಸ್-4 ಹಾಕಿದ್ದು, ಸುಲಭಕ್ಕೆ ಸಿಗತ್ತೆ ಅಂತ. ಮುಚ್ಚಳ ಇಲ್ಲದ ಚಿಪ್ ಬಿಸಿ ತಣ್ಣಗೆ ಆಗ್ತಾ ಆಗ್ತಾ ತೆಳು ಪೇಸ್ಟ್‌ನ ಆಚೆ ತಳ್ಳತ್ತೆ, ಸಿಕ್ಕಿದ್ರೆ ಹನಿವೆಲ್ ಪಿಟಿಎಂ7950 ಹಾಳೆ ಇನ್ನೂ ಒಳ್ಳೇದು, ಅದು 45 ಡಿಗ್ರಿ ಹತ್ರ ಮೆತ್ತಗಾಗಿ ಸಂದಿಗಳನ್ನ ತುಂಬ್ಕೊಳ್ಳತ್ತೆ, ಪೇಸ್ಟ್ ಥರ ಬೇಗ ಸರಿದು ಹೋಗಲ್ಲ.

ಮುಚ್ಚಿ ಅದೇ ರೋಡಲ್ಲಿ ಅದೇ ಕಾಲು ಗಂಟೆ ಬಿಸಿ ಮಾಡಿ ಅಳೆದ್ರೆ 84 ಡಿಗ್ರಿಗೆ ನಿಂತ್ಕೊಳ್ತು, ಅಲೆ ಪೂರ್ತಿ ಮಾಯ. ಈಗ ನಂಬರ್ ಗಮನ ಇಟ್ಟು ನೋಡಿ: ಸರಾಸರಿ 78ರಿಂದ 84, ಅಷ್ಟೇ. 1 ಪರ್ಸೆಂಟ್ ಲೋ ಮಾತ್ರ 29ರಿಂದ 43. ಬರೀ ಸರಾಸರಿ ನೋಡೋನಾಗಿದ್ರೆ ಇಷ್ಟೆಲ್ಲಾ ಬಿಚ್ಚಿ ಆರು ಎಫ್‌ಪಿಎಸ್‌ಗಾ ಅಂತಿದ್ದ, ಆಡೋ ಹುಡುಗ ಕೂತ ಕೂಡ್ಲೇ "ಅಣ್ಣ ಇದು ಬೇರೆ ಲ್ಯಾಪ್‌ಟಾಪ್ ಥರ ಇದೆ" ಅಂದ.

ಮುಳ್ಳುಗಳು ಮಾತ್ರ ಹಾಗೇ ಇದ್ವು. 8 ಜಿಬಿಲಿ 7.6 ತುಂಬಿತ್ತು, ಹಿಂದೆ ಬ್ರೌಸರ್, ಡಿಸ್ಕಾರ್ಡ್ ಎಲ್ಲಾ ಓಪನ್ ಇಟ್ಕೊಂಡೇ ಆಡ್ತಾನೆ ಇವನು. ರ್‍ಯಾಮ್ ತುಂಬಿದ ಮೇಲೆ ವಿಂಡೋಸ್ ಡಿಸ್ಕ್‌ಗೆ ಬರೆದು ಓದಿ ಮಾಡತ್ತೆ, ಆ ಹೊತ್ತಲ್ಲಿ ಬಂದ ಫ್ರೇಮ್ ಕಾಯ್ಬೇಕು. ಅದು ಒಂದು. ಇನ್ನೊಂದು, ಒಂದೇ ಸ್ಟಿಕ್ ಇದ್ರೆ ಮೆಮೊರಿ ಸಿಂಗಲ್ ಚಾನೆಲಲ್ಲಿ ಓಡತ್ತೆ, ಅಂದ್ರೆ ಡೇಟಾ ಹೋಗಿಬರೋಕೆ ಒಂದೇ ದಾರಿ. ಇದರಲ್ಲಿರೋ ಡಿಡಿಆರ್4 2666 ರ್‍ಯಾಮ್‌ಗೆ ಒಂದು ಚಾನೆಲ್‌ಗೆ ಸೆಕೆಂಡಿಗೆ ಲೆಕ್ಕದ ಪ್ರಕಾರ 21.3 ಜಿಬಿ ದಾರಿ, ಎರಡು ಸ್ಟಿಕ್ ಹಾಕಿದ್ರೆ ಅದು ಎರಡರಷ್ಟು. ಇಂಥ ಲ್ಯಾಪ್‌ಟಾಪಲ್ಲಿ ಇದು ಇನ್ನೂ ಮುಖ್ಯ, ಯಾಕಂದ್ರೆ ಇದರ ಸ್ಕ್ರೀನ್ ಎನ್‌ವಿಡಿಯಾ ಕಾರ್ಡ್‌ಗೆ ನೇರವಾಗಿ ಸೇರಿಲ್ಲ, ಕಾರ್ಡ್ ಬರೆದ ಫ್ರೇಮ್ ಮೇನ್ ಮೆಮೊರಿಗೆ ಕಾಪಿ ಆಗಿ ಅಲ್ಲಿಂದ ಇಂಟೆಲ್ ಗ್ರಾಫಿಕ್ಸ್ ಅದನ್ನ ಸ್ಕ್ರೀನಿಗೆ ಕಳಿಸತ್ತೆ, ಆ ಟ್ರಾಫಿಕ್ ಎಲ್ಲಾ ಅದೇ ಇಕ್ಕಟ್ಟು ದಾರೀಲಿ. ಬೆಂಗಳೂರಿಗೆ ಹೋದಾಗ ಎಸ್‌ಪಿ ರೋಡಲ್ಲಿ ಇನ್ನೊಂದು 8 ಜಿಬಿ ಲ್ಯಾಪ್‌ಟಾಪ್ ರ್‍ಯಾಮ್ 2666ದು 1.2 ವೋಲ್ಟಿಂದು ತಂದ್ವಿ, ಹಾಕಿ ಸಿಪಿಯು-ಝಡ್ ಅನ್ನೋ ಸಾಫ್ಟ್‌ವೇರ್ ತೆರೆದು ಡ್ಯುಯಲ್ ಅಂತ ಬಂತಾ ನೋಡ್ಕೊಂಡ್ವಿ. ಇದನ್ನ ನೋಡ್ದೇ ಮುಚ್ಬೇಡಿ, ಸ್ಟಿಕ್ ಸರಿಯಾಗಿ ಕೂರದೆ ಇದ್ರೆ ಒಂದೇ ಕಾಣ್ತಿರತ್ತೆ.

ಗೇಮ್ ಇದ್ದಿದ್ದು ಹಾರ್ಡ್ ಡಿಸ್ಕಲ್ಲಿ, ಜಿಟಿಎ ಅಂಥ ಓಪನ್ ವರ್ಲ್ಡ್ ಗೇಮ್ ಓಡ್ತಾ ಓಡ್ತಾನೇ ಮುಂದಿನ ಬೀದಿ ಬಿಲ್ಡಿಂಗ್ ಎಲ್ಲಾ ಡಿಸ್ಕಿಂದ ಓದ್ತಾ ಇರತ್ತೆ, ಕಾರ್ ಸ್ಪೀಡಾದಷ್ಟೂ ಬೇಗ ಬೇಗ ಓದ್ಬೇಕು, ಅದಕ್ಕೇ ನಡೆಯೋವಾಗ ಇಲ್ಲದ ಮುಳ್ಳು ಕಾರಲ್ಲಿ ಬರ್ತಿತ್ತು. ಕಾಲೇಜ್ ಫೈಲು, ಫೋಟೋ, ಸಿನಿಮಾ ಎಲ್ಲಾ ಹಾರ್ಡ್ ಡಿಸ್ಕಿಗೆ ದಬ್ಬಿ ಗೇಮ್ ಎಸ್‌ಎಸ್‌ಡಿಗೆ ತಂದ್ವಿ. ಎರಡೂ ಆದ್ಮೇಲೆ ಸರಾಸರಿ 91, 1 ಪರ್ಸೆಂಟ್ ಲೋ 66.

ಇಲ್ಲಿಗೆ ಮುಗೀತು ಅನ್ಕೊಂಡ್ರೆ ಇಲ್ಲ, 91 ಬರ್ತಿದ್ರೂ ಸ್ಕ್ರೀನ್ 60 ಹರ್ಟ್ಸ್. ಸೆಕೆಂಡಿಗೆ 60 ಸಲ ಮಾತ್ರ ಅದು ಬದಲಾಗತ್ತೆ, ವಿ-ಸಿಂಕ್ (ಫ್ರೇಮ್ ಬದಲಾಗೋದನ್ನ ಸ್ಕ್ರೀನ್ ರಿಫ್ರೆಶ್‌ಗೆ ಹೊಂದಿಸೋ ಸೆಟ್ಟಿಂಗ್) ಆಫ್ ಇದ್ರೆ ಒಂದು ರಿಫ್ರೆಶ್ ಮಧ್ಯದಲ್ಲಿ ಫ್ರೇಮ್ ಬದಲಾಗಿ ಚಿತ್ರ ಅಡ್ಡಡ್ಡ ಸೀಳಿದ ಹಾಗೆ ಕಾಣತ್ತೆ. ವಿ-ಸಿಂಕ್ ಆನ್ ಮಾಡಿದ್ರೆ ಸೀಳು ಹೋಗತ್ತೆ ಆದ್ರೆ ಅದಕ್ಕೊಂದು ಷರತ್ತು ಇದೆ, ಪ್ರತಿ 16.7 ಮಿಲಿಸೆಕೆಂಡಿಗೆ ಸ್ಟ್ಯಾಂಡಿಂದ ಒಂದು ಬಸ್ ಹೊರಡತ್ತೆ ಅನ್ಕೊಳ್ಳಿ, ಫ್ರೇಮ್ 18ಕ್ಕೆ ರೆಡಿ ಆಗಿ ಬಂದ್ರೆ ಬಸ್ ಹೋಗಾಗಿರತ್ತೆ, ಮುಂದಿನ ಬಸ್ 33.3ಕ್ಕೇ. ಬರೀ 1.3 ಮಿಲಿಸೆಕೆಂಡ್ ಲೇಟಿಗೆ ಹಳೇ ಚಿತ್ರನೇ ಎರಡು ಸಲ ನೋಡ್ಬೇಕಾಗತ್ತೆ. ಇವನ ಹಳೇ ಸ್ಥಿತೀಲಿ ವಿ-ಸಿಂಕ್ ಆನ್ ಮಾಡಿದಾಗ ಇನ್ನೂ ಕೆಟ್ಟದಾಗ್ತಿತ್ತು ಅಂತಿದ್ದ, ಕಾರಣ ಇದೇ. ಫ್ರೇಮ್ ರೆಡಿ ಆದಾಗ ಸ್ಕ್ರೀನೇ ಕಾದು ಬದಲಾಗೋ ಜಿ-ಸಿಂಕ್, ಫ್ರೀಸಿಂಕ್ ಬಂದಿದ್ದು ಈ ತೊಂದರೆಗೇ, ಆದ್ರೆ ಈ ಸ್ಕ್ರೀನಿಗೆ ಅದಿಲ್ಲ. ಈಗ 1 ಪರ್ಸೆಂಟ್ ಲೋನೇ 60ರ ಮೇಲೆ ಇರೋದ್ರಿಂದ ಹೆಚ್ಚುಕಮ್ಮಿ ಎಲ್ಲಾ ಫ್ರೇಮೂ ಟೈಮಿಗೆ ಬರತ್ತೆ, ಹಾಗಾಗಿ ವಿ-ಸಿಂಕ್ ಆನ್ ಮಾಡಿ, ರಿವಾಟ್ಯೂನರ್ ಅನ್ನೋ ಸಾಫ್ಟ್‌ವೇರಲ್ಲಿ ಎಫ್‌ಪಿಎಸ್ ಲಿಮಿಟ್ 60 ಇಟ್ಟೆ. 91 ಬರೋದನ್ನ 60ಕ್ಕೆ ಯಾಕೆ ಕಟ್ಟಿದ್ರಿ ಅಂತ ಹುಡುಗ ಮುಖ ಸಣ್ಣ ಮಾಡ್ಕೊಂಡ, ಆಡಿದ ಮೇಲೆ ಮಾತಾಡ್ಲಿಲ್ಲ. ಗ್ರಾಫ್ 16.7 ಮೇಲೆ ಗೆರೆ ಎಳೆದ ಹಾಗೆ, ಟೆಂಪರೇಚರ್ 76ಕ್ಕೆ ಇಳೀತು, ಫ್ಯಾನ್ ಸದ್ದೂ ಕಮ್ಮಿ. ಏರಿಳಿಯೋ 91ಕ್ಕಿಂತ ಅಲುಗಾಡದ 60 ಕೈಗೆ ಎಷ್ಟೋ ವಾಸಿ, ಇದನ್ನ ನಾನು ಯಾರ ಹತ್ರ ಬೇಕಾದ್ರೂ ವಾದ ಮಾಡ್ತೀನಿ.

ಲಿಮಿಟ್ ಇಡೋದು ಬರೀ ಕಣ್ಣಿಗಲ್ಲ. ಕೆಲವು ಗೇಮ್‌ಗಳಲ್ಲಿ ಒಳಗಿನ ಲೆಕ್ಕಾನೇ ಫ್ರೇಮ್‌ಗೆ ಕಟ್ಟಿರ್ತಾರೆ. ಡಾರ್ಕ್ ಸೋಲ್ಸ್ 2 ಪಿಸೀಲಿ 60 ಎಫ್‌ಪಿಎಸ್ ಓಡಿದಾಗ ಆಯುಧಗಳು 30ರಲ್ಲಿ ಸವೆಯೋದಕ್ಕಿಂತ ಎರಡರಷ್ಟು ಬೇಗ ಸವೀತಿದ್ವು, 2015ರಲ್ಲಿ ಸರಿ ಮಾಡಿದ್ರು. ಕ್ವೇಕ್ 3ರಲ್ಲಿ ಆಟಗಾರರು ಬೇಕಂತಾನೇ 125ಕ್ಕೆ ಲಿಮಿಟ್ ಇಡ್ತಿದ್ರು, ಆ ನಂಬರಲ್ಲಿ ಜಂಪ್ ಎತ್ತರ ಹೋಗ್ತಿತ್ತು. ಜಿಟಿಎ 5ನೇ 180 ದಾಟಿದ್ರೆ ಪಿಸೀಲಿ ತಡವರಿಸೋಕೆ ಶುರು ಮಾಡತ್ತೆ, ನಮಗೆ ಅಲ್ಲೀವರ್ಗೂ ಹೋಗೋ ಪ್ರಶ್ನೆ ಇಲ್ಲ ಬಿಡಿ.

ಅಂಡರ್‌ವೋಲ್ಟ್, ಅಂದ್ರೆ ಪ್ರೊಸೆಸರ್‌ಗೆ ಹೋಗೋ ವೋಲ್ಟೇಜ್ ಕಮ್ಮಿ ಮಾಡಿ ಬಿಸಿ ಇಳಿಸೋಣ ಅಂತ ಥ್ರಾಟಲ್‌ಸ್ಟಾಪ್ ಅನ್ನೋ ಸಾಫ್ಟ್‌ವೇರ್ ತೆರೆದ್ರೆ ಆ ಆಪ್ಷನ್ ಲಾಕ್ ಆಗಿತ್ತು. 2019ರ ಡಿಸೆಂಬರಲ್ಲಿ ಪ್ಲಂಡರ್‌ವೋಲ್ಟ್ ಅನ್ನೋ ಭದ್ರತಾ ದೋಷ ಬಯಲಾದ ಮೇಲೆ ಬಯೋಸ್ (ಮದರ್‌ಬೋರ್ಡ್ ಒಳಗಿನ ಸಾಫ್ಟ್‌ವೇರ್) ಅಪ್‌ಡೇಟ್‌ಗಳಲ್ಲಿ ಅದನ್ನ ಮುಚ್ಚಿದಾರೆ, ಅದಕ್ಕೋಸ್ಕರ ಹಳೇ ಬಯೋಸ್‌ಗೆ ಹೋಗೋದು ನನಗೆ ಇಷ್ಟ ಇಲ್ಲ. ಬದಲಿಗೆ ಟರ್ಬೋ (ಅಗತ್ಯ ಬಿದ್ದಾಗ ಪ್ರೊಸೆಸರ್ ಏರಿಸ್ಕೊಳ್ಳೋ ವೇಗ) ಮಿತಿ 3.6 ಗಿಗಾಹರ್ಟ್ಸ್‌ಗೆ ಇಟ್ಟೆ, ಇನ್ನೂ ನಾಲ್ಕು ಡಿಗ್ರಿ ಕಮ್ಮಿ, 60ಕ್ಕೆ ಏನೂ ಕೊರತೆ ಆಗ್ಲಿಲ್ಲ. ಪವರ್ ಆಪ್ಷನ್ಸಲ್ಲಿ ಪ್ರೊಸೆಸರ್ 99 ಪರ್ಸೆಂಟ್ ಮಾಡಿ ಅಂತ ತುಂಬಾ ಜನ ಹೇಳ್ತಾರೆ, ಅದು ಟರ್ಬೋನೇ ಪೂರ್ತಿ ನಿಲ್ಲಿಸತ್ತೆ, ಈ ಚಿಪ್ 2.4ಕ್ಕೆ ಬಿದ್ದುಬಿಡತ್ತೆ, ಪ್ರೊಸೆಸರ್ ಮೇಲೆ ಭಾರ ಹಾಕೋ ಗೇಮ್‌ಗೆ ಅದು ಸಾಲಲ್ಲ.

ಉಳಿದಿರೋದು ಎರಡು ಮಾತು. ಟೆಕ್ಸ್‌ಚರ್ (ವಸ್ತುಗಳ ಮೇಲ್ಮೈ ಚಿತ್ರಗಳ ಗುಣಮಟ್ಟ) ಸೆಟ್ಟಿಂಗ್ ಗ್ರಾಫಿಕ್ಸ್ ಮೆನೂಲಿ ತೋರಿಸೋ ವಿಡಿಯೋ ಮೆಮೊರಿ ಪಟ್ಟಿ ತುಂಬದ ಹಾಗೆ ಇಟ್ಟಿದೀನಿ, 4 ಜಿಬಿ ದಾಟಿದ್ರೆ ಮುಳ್ಳು ವಾಪಸ್ ಬರತ್ತೆ, ಸರಾಸರಿ ಮಾತ್ರ ಚೆನ್ನಾಗೇ ಕಾಣ್ತಿರತ್ತೆ. ಆಮೇಲೆ ಚಾರ್ಜರ್ ತೆಗೆದು ಆಡಿದಾಗ 30ಕ್ಕೆ ನಿಂತ್ಕೊಂಡ್ರೆ ಗಾಬರಿ ಬೇಡ, ಎನ್‌ವಿಡಿಯಾದ ಬ್ಯಾಟರಿ ಬೂಸ್ಟ್ ಕಟ್ಟಿರೋ ಲಿಮಿಟ್ ಅದು. ಕ್ಯಾಪ್‌ಫ್ರೇಮ್‌ಎಕ್ಸ್ ಅವನ ಲ್ಯಾಪ್‌ಟಾಪಲ್ಲೇ ಬಿಟ್ಟಿದೀನಿ, ಬೇಸಿಗೇಲಿ ಅದೇ ರೋಡಲ್ಲಿ ಇನ್ನೊಂದು ರೆಕಾರ್ಡ್ ತೆಗೆದು ಕಳಿಸು ಅಂದಿದೀನಿ, 85 ದಾಟಿದ್ರೆ ಪಿಟಿಎಂ ಹಾಳೆ ತರಿಸಿ ಹಾಕೋದು.